ಹತ್ತಡಿ ಎತ್ತರದ ಬುಟ್ಟಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಯ್ಕೆ ನಡೆಯಿತು. ಫ್ರೀ ಥ್ರೋ ಗೆರೆಯ ಮೇಲೆ ನಿಂತು ಹತ್ತು ಸಲ ಎಸೆಯಬೇಕು. ಆರು ಬಿದ್ದರೆ ತಂಡಕ್ಕೆ, ಇಲ್ಲದಿದ್ದರೆ ಹಾಸ್ಟೆಲ್‌ಗೆ. ನನಗೆ ಬಿದ್ದದ್ದು ನಾಲ್ಕು. ಅದಕ್ಕೂ ಮುಂಚೆ ಒಂದು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಎಸೆದು, ಲೆಕ್ಕ ಬರೆದಿಟ್ಟಿದ್ದೆ. ಹತ್ತಕ್ಕೆ ಆರರ ಸರಾಸರಿ ಇತ್ತು. ಆ ನೋಟ್‌ಬುಕ್ ಯಾರೂ ಕೇಳಲಿಲ್ಲ.

ರಜೆಗೆ ಮಸ್ಕಿಗೆ ಬಂದರೂ ಸಿಟ್ಟು ಇಳಿದಿರಲಿಲ್ಲ. ಆ ಬುಟ್ಟಿಯನ್ನು ಅಷ್ಟು ಎತ್ತರಕ್ಕೆ ಕಟ್ಟಿದವನು ಯಾರು, ಬೈಯುವುದಕ್ಕಾದರೂ ತಿಳಿದಿರಲಿ ಎಂದು ಜೇಮ್ಸ್ ನೈಸ್ಮಿತ್ ಬಗ್ಗೆ ಓದಲು ಕುಳಿತೆ.

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾದ ಆಲ್ಮಾಂಟ್ ಎಂಬ ಸಣ್ಣ ಊರಿನ ಹತ್ತಿರ. 1870ರಲ್ಲಿ ಅಪ್ಪ ಅಮ್ಮ ಇಬ್ಬರೂ ಟೈಫಾಯ್ಡ್‌ನಿಂದ ತೀರಿಕೊಂಡರು. ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗ ಹದಿನೈದರ ಹೊತ್ತಿಗೆ ಶಾಲೆ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಸೇರಿದ. ನಾಲ್ಕೈದು ವರ್ಷ ಅದೇ ಬದುಕು. ಆಮೇಲೆ ಮತ್ತೆ ಹೈಸ್ಕೂಲಿಗೆ ಹೋಗಿ ತನಗಿಂತ ಚಿಕ್ಕವರ ಜೊತೆ ಬೆಂಚಿನ ಮೇಲೆ ಕುಳಿತ. ಆಗ ಅವರಿಗೆ ಸುಮಾರು ಇಪ್ಪತ್ತು, ಅಂದರೆ ನನ್ನ ಈಗಿನ ವಯಸ್ಸು. ಇಲ್ಲಿಗೆ ಬರುವಷ್ಟರಲ್ಲಿ ನಾನು ಏಕವಚನ ಬಿಟ್ಟಿದ್ದೆ, ಬೈಯುವ ಮನಸ್ಸೂ ಹೋಗಿತ್ತು.

ಮುಂದೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪದವಿ, ಧರ್ಮಶಾಸ್ತ್ರದ ಓದು. ಪಾದ್ರಿಯಾಗಬೇಕಿದ್ದವರು ಆಟದ ಮೈದಾನದಲ್ಲೂ ಹುಡುಗರನ್ನು ತಿದ್ದಬಹುದು ಎಂದು ನಂಬಿ, 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆ ಸೇರಿದರು. ಮರುವರ್ಷದ ಚಳಿಗಾಲದಲ್ಲಿ ಅವರಿಗೆ ಒಂದು ತರಗತಿ ಗಂಟುಬಿತ್ತು. ಹದಿನೆಂಟು ಜನ, ಒಳಾಂಗಣದ ಕವಾಯತು ಎಂದರೆ ಎಲ್ಲರಿಗೂ ಬೇಸರ. ಇವರಿಗೊಂದು ಹೊಸ ಆಟ ಹುಡುಕಿ ಎಂದು ಮುಖ್ಯಸ್ಥ ಲೂಥರ್ ಗ್ಯುಲಿಕ್ ಹದಿನಾಲ್ಕು ದಿನ ಗಡುವು ಕೊಟ್ಟರು. ಫುಟ್‌ಬಾಲ್, ಲಕ್ರಾಸ್ ಎಲ್ಲವನ್ನೂ ಕೋಣೆಯೊಳಗೆ ತಂದು ನೋಡಿದರು. ಕೈಕಾಲಿಗೆ ಪೆಟ್ಟಾದವೇ ಹೊರತು ಆಟ ಕುದುರಲಿಲ್ಲ.

ಆಗ ನೆನಪಾದದ್ದು ಆಲ್ಮಾಂಟ್‌ನ ಬಾಲ್ಯದ ಆಟ. ದೊಡ್ಡ ಬಂಡೆಯ ಮೇಲೆ ಮುಷ್ಟಿಗಾತ್ರದ ಕಲ್ಲು ಇಟ್ಟು ದೂರದಿಂದ ಇನ್ನೊಂದು ಕಲ್ಲೆಸೆದು ಬೀಳಿಸುವುದು. ಬೀಸಿ ಹೊಡೆದು ಗುರಿ ತಪ್ಪಿದರೆ ಕಲ್ಲು ದೂರ ಹೋಗುತ್ತದೆ, ಅದನ್ನು ತರುವಷ್ಟರಲ್ಲಿ ಕಾವಲಿನವನು ಬಂದು ಮುಟ್ಟಿಬಿಡುತ್ತಾನೆ. ಹಾಗಾಗಿ ಮೆಲ್ಲಗೆ, ಕಮಾನಿನಂತೆ ಎಸೆಯುವವನೇ ಜಾಣ. ಲಗೋರಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಲು ನೆಟ್ಟಗೆ ನಿಂತಿದ್ದರೆ ಜೋರಾಗಿ ಹೊಡೆಯುವ ಆಸೆ ಬರುತ್ತದೆ. ಅದನ್ನೇ ಮಲಗಿಸಿ ತಲೆಯ ಮೇಲಿಟ್ಟರೆ? ತೋಳಿನ ಬಲಕ್ಕೆ ಬೆಲೆ ಹೋಗಿ ಗುರಿಗೆ ಬೆಲೆ ಬರುತ್ತದೆ.

ಇದನ್ನು ನಾನು ಲೆಕ್ಕ ಹಾಕಿ ನೋಡಿದೆ. ಇಂದಿನ ರಿಂಗಿನ ಅಗಲ 45 ಸೆಂ.ಮೀ., ಚೆಂಡಿನದು ಸುಮಾರು 24. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ 32 ಸೆಂ.ಮೀ. 30 ಡಿಗ್ರಿಯಲ್ಲಿ ಬಂದರೆ ಬರೀ 22.5, ಚೆಂಡು ರಿಂಗ್ ಮುಟ್ಟದೆ ಒಳಗೆ ಹೋಗುವುದೇ ಇಲ್ಲ. ಚಪ್ಪಟೆಯಾಗಿ ಎಸೆಯುವವರಿಗೆ ಬೋರ್ಡೇ ಗತಿ.

ಎತ್ತರದ ಕಥೆ ಮಾತ್ರ ತಮಾಷೆಯದು. ಸುಮಾರು ಒಂದೂವರೆ ಅಡಿಯ ಎರಡು ಪೆಟ್ಟಿಗೆ ಬೇಕೆಂದು ನೈಸ್ಮಿತ್ ಶಾಲೆಯ ನೌಕರನನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ, ಪೀಚ್ ಹಣ್ಣಿನ ಬುಟ್ಟಿ ಸಿಕ್ಕವು. ಅವನ್ನು ಬಾಲ್ಕನಿಯ ಕಟಕಟೆಗೆ ಮೊಳೆ ಹೊಡೆದು ಕೂರಿಸಿದರು. ಆ ಕಟಕಟೆ ಹತ್ತಡಿ ಎತ್ತರದಲ್ಲಿತ್ತು, ಅಷ್ಟೇ ಕಾರಣ! ಇವತ್ತಿಗೂ ರಿಂಗ್ ಇರುವುದು ಅದೇ 3.05 ಮೀಟರಿನಲ್ಲಿ. 1891ರ ಡಿಸೆಂಬರ್ 21ರಂದು ಹದಿಮೂರು ನಿಯಮಗಳ ಮೇಲೆ, ಒಂಬತ್ತು ಒಂಬತ್ತು ಜನ ಆಡಿದ ಮೊದಲ ಪಂದ್ಯದ ಫಲಿತಾಂಶ 1–0. ವಿಲಿಯಂ ಚೇಸ್ ಎಂಬಾತನದು ಒಂದು ಬಿತ್ತು. ಉಳಿದ ಹದಿನೇಳು ಜನ ಬರಿಗೈ. ಇದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

1898ರಲ್ಲಿ ಡೆನ್ವರ್‌ನಲ್ಲಿ ವೈದ್ಯ ಪದವಿ ಪಡೆದು ಅವರು ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದರು. 1907ರವರೆಗೆ ಅಲ್ಲಿನ ತಂಡಕ್ಕೆ ತರಬೇತಿ ಕೊಟ್ಟರು. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಆಟ ಹುಟ್ಟಿಸಿದವರೊಬ್ಬರೇ. ಅವರ ಶಿಷ್ಯ ಫಾಗ್ ಆಲನ್ ದೊಡ್ಡ ಕೋಚ್ ಆಗಿ ಹೆಸರು ಮಾಡಿದರು. ಗುರುವಿಗೆ ಮಾತ್ರ ವ್ಯಾಯಾಮವಾಗಿ ಕುಸ್ತಿಯೇ ಹೆಚ್ಚು ಇಷ್ಟ.

1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಸೇರಿದಾಗ ಅಭಿಮಾನಿಗಳು ಹಣ ಕೂಡಿಸಿ 74ರ ನೈಸ್ಮಿತ್‌ರನ್ನು ಅಲ್ಲಿಗೆ ಕಳುಹಿಸಿದರು. ಫೈನಲ್ ನಡೆದದ್ದು ಬಯಲಿನ ಮಣ್ಣಿನ ಅಂಕಣದಲ್ಲಿ, ಮಳೆಯಲ್ಲಿ. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅವರು ಪೌರತ್ವ ಪಡೆದ ಅಮೆರಿಕ, ಹುಟ್ಟಿದ ಕೆನಡಾವನ್ನು 19–8ರಿಂದ ಸೋಲಿಸಿತು. 1939ರ ನವೆಂಬರ್ 28ರಂದು ಕಾನ್ಸಾಸ್‌ನ ಲಾರೆನ್ಸ್‌ನಲ್ಲಿ ಅವರು ತೀರಿಕೊಂಡರು.

ಆ 19–8 ನನ್ನ ತಲೆಯಿಂದ ಹೋಗಲಿಲ್ಲ. ಆ ದಿನದ ಅಂಕ ಕೈಯ ಗುರಿಯನ್ನು ತೋರಿಸಿತೋ, ಮಳೆಯನ್ನೋ? ಗುರಿ ಅಳೆಯಲು ಪರೀಕ್ಷೆಗಳಿಲ್ಲ ಎಂದಲ್ಲ. 1934ರ ಜಾನ್ಸನ್ ಪರೀಕ್ಷೆಯಲ್ಲಿ 30 ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆ ಎಂದು ಎಣಿಸುತ್ತಾರೆ. ಆಮೇಲೆ ಬಂದ ಇನ್ನೊಂದರಲ್ಲಿ ಐದು ಜಾಗಗಳಿಂದ 60 ಸೆಕೆಂಡು ಎಸೆಯಬೇಕು, ಬಿದ್ದರೆ ಎರಡು ಅಂಕ, ರಿಂಗಿಗೆ ತಾಗಿದರೂ ಒಂದು. ನಮ್ಮ ಹತ್ತು ಎಸೆತಕ್ಕೆ ಬೈನಾಮಿಯಲ್ ಸೂತ್ರ ಹಚ್ಚಿದೆ. ನಿಜವಾಗಿ ನೂರಕ್ಕೆ ಅರವತ್ತು ಹಾಕುವ ನೂರು ಜನ ಬಂದರೆ, ಆರು ಬೀಳದೆ ಹೊರಗೆ ಹೋಗುವವರು ಸುಮಾರು 37. ನೂರಕ್ಕೆ ನಲವತ್ತು ಹಾಕುವವರಲ್ಲೂ ಹದಿನೇಳು ಜನ ಒಳಗೆ ಬರುತ್ತಾರೆ. ಅದೇ ನೂರು ಎಸೆತ ಕೊಟ್ಟು ಐವತ್ತು ಸಾಕು ಎಂದರೆ ಈ ಎರಡೂ ತಪ್ಪು ನೂರಕ್ಕೆ ಎರಡು ಮೂರರಷ್ಟಕ್ಕೆ ಇಳಿಯುತ್ತವೆ. ಒಂದು ತಪ್ಪಿದ ಭಯ ಮುಂದಿನದನ್ನು ಕೆಡಿಸದಿದ್ದರೆ, ಎಂಬ ಷರತ್ತು ಇದ್ದೇ ಇದೆ.

ಸಿಂಧನೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರಾಡು ಬಗ್ಗಿಸಿ ರಿಂಗ್ ಮಾಡಿಸಿದೆ. ಮನೆಯ ಹಿಂದಿನ ಬೇವಿನ ಮರಕ್ಕೆ ಟೇಪ್ ಹಿಡಿದು ಹತ್ತಡಿಗೆ ಕಟ್ಟಿದೆ. ಭಾನುವಾರ ಲಿಂಗಸುಗೂರಿನಿಂದ ಗೆಳೆಯ ಬಸ್ಸಿಗೆ ಬಂದು ಎಣಿಸುತ್ತಿದ್ದ. ದಿನಕ್ಕೆ ಹತ್ತರಂತೆ ಹತ್ತು ದಿನ. ಒಂದು ದಿನ ಎಂಟು, ಮರುದಿನ ಮೂರು. ಒಟ್ಟು ಐವತ್ತೇಳು.

ಕಾಲೇಜು ಶುರುವಾದ ಮೇಲೆ ಈ ಹಾಳೆಯನ್ನು ಪಿಇ ಸರ್ ಮುಂದಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬಹಳ ಹೊತ್ತು ನೋಡಿ, ಈ ಸಲ ದಿನಕ್ಕೆ ಇಪ್ಪತ್ತರಂತೆ ಐದು ದಿನ ಎಂದು ನೋಟಿಸ್ ಬೋರ್ಡಿಗೆ ಹಚ್ಚಿಸಿದರು. ನಿನ್ನೆ ಮೊದಲ ದಿನ. ನನಗೆ ಹತ್ತು ಬಿದ್ದವು. ಇನ್ನು ಎಂಬತ್ತು ಬಾಕಿ.