ಗೋರಿ ಕಳೆದುಹೋದ ನಾವಿಕ

ವಿದ್ಯಾರ್ಥಿದೆಸೆಯಲ್ಲಿ ನಾನು ಜಾನ್ ಪಾಲ್ ಜೋನ್ಸನನ್ನು ಬಲ್ಲವನಾಗಿದ್ದುದು ಒಂದೇ ಒಂದು ಉತ್ತರದಿಂದ. ಹಡಗು ಮುಳುಗುತ್ತಿರುವಾಗ, ಶರಣಾಗುವೆಯಾ ಎಂದು ಕೇಳಿದ ಶತ್ರುವಿಗೆ, ತಾನಿನ್ನೂ ಹೋರಾಟಕ್ಕೆ ತೊಡಗಿಯೇ ಇಲ್ಲವೆಂಬ ಅರ್ಥದ ಮಾತನ್ನು ಆತನು ಹೇಳಿದನೆಂದು ಅಧ್ಯಾಪಕರು ವರ್ಣಿಸುತ್ತಿದ್ದರು. ಆ ಮಾತು ಮನಸ್ಸಿನಲ್ಲಿ ನಿಂತಿತು. ಆಡಿದವನ ಬಾಳು ಏನಾಯಿತೆಂದು ನಾವಾರೂ ಕೇಳಲಿಲ್ಲ. ಬಹುಕಾಲದ ಮೇಲೆ ಅದನ್ನು ಓದಿದಾಗ, ಉತ್ತರಕ್ಕಿಂತ ಆತನ ಅಂತ್ಯವೇ ನನ್ನನ್ನು ಹೆಚ್ಚು ಕಾಡಿತು.

ಆತನು ಹುಟ್ಟಿದುದು 1747ರಲ್ಲಿ, ಸ್ಕಾಟ್ಲೆಂಡಿನ ನೈಋತ್ಯ ಕರಾವಳಿಯಲ್ಲಿ, ತೋಟಗಾರನೊಬ್ಬನ ಮಗನಾಗಿ. ಮನೆತನದ ಹೆಸರು ಪಾಲ್. ಹದಿಮೂರರ ಹರೆಯದಲ್ಲಿಯೇ ಹಡಗು ಹತ್ತಿದನು. 1773ರಲ್ಲಿ ಟೊಬೇಗೊ ದ್ವೀಪದಲ್ಲಿ, ಸಂಬಳದ ವಿಚಾರವಾಗಿ ತಿರುಗಿಬಿದ್ದ ನಾವಿಕನೊಬ್ಬನು ಆತನ ಕತ್ತಿಗೆ ಬಲಿಯಾದನು. ವಿಚಾರಣೆಗೆ ನಿಲ್ಲದೆ ಆತನು ಅಲ್ಲಿಂದ ಪರಾರಿಯಾಗಿ ಅಮೆರಿಕವನ್ನು ಸೇರಿ, ಜೋನ್ಸ್ ಎಂಬ ಹೆಸರನ್ನು ಜೋಡಿಸಿಕೊಂಡನು. ಈ ಕಲೆಯನ್ನು ಮರೆಮಾಚಿ ಆತನ ಕಥೆಯನ್ನು ಹೇಳುವುದು ಸಲ್ಲದು. 1775ರಲ್ಲಿ ವಸಾಹತುಗಳು ಬ್ರಿಟನ್ನಿಗೆದುರಾಗಿ ನೌಕಾಪಡೆಯನ್ನು ಕಟ್ಟತೊಡಗಿದಾಗ, ಊರು ತೊರೆದ ಈ ನಾವಿಕನಿಗೆ ನಾಡೊಂದು ದೊರೆಯಿತು.

1778ರಲ್ಲಿ ಬ್ರಿಟನ್ನಿನ ತೀರದ ಮೇಲೆ ದಾಳಿಯಿಟ್ಟಾಗ, ಆತನ ನಾವಿಕರು ಸೆಲ್ಕರ್ಕ್ ಪ್ರಭುವಿನ ಮನೆಯ ಬೆಳ್ಳಿಪಾತ್ರೆಗಳನ್ನು ಹೊತ್ತು ತಂದರು. ಆತನು ಅವನ್ನು ಸ್ವಂತ ಹಣದಿಂದ ಕೊಂಡು ಆ ಮನೆಗೆ ಹಿಂದಿರುಗಿಸಿದನು.

ಹೆಸರಾಂತ ಕಾಳಗ ನಡೆದುದು 1779ರ ಸೆಪ್ಟೆಂಬರ್ 23ರ ಸಂಜೆ, ಇಂಗ್ಲೆಂಡಿನ ಪೂರ್ವತೀರದ ಫ್ಲಾಂಬರೋ ಭೂಶಿರದ ಬಳಿ. ಜೋನ್ಸನ ‘ಬಾನ್ ಓಮ್ ರಿಷಾರ್’ ಫ್ರಾನ್ಸಿನವರು ಒದಗಿಸಿದ್ದ ಹಳೆಯ ಸರಕಿನ ಹಡಗು. ಎದುರಾಳಿ ‘ಸೆರಾಪಿಸ್’ ಹೊಸ ಸಮರನೌಕೆ. ನಲವತ್ತಕ್ಕೂ ಹೆಚ್ಚು ವಾಣಿಜ್ಯ ನೌಕೆಗಳಿಗೆ ಬೆಂಗಾವಲಾಗಿತ್ತು. ಆರಂಭದಲ್ಲಿಯೇ ಜೋನ್ಸನ ದೊಡ್ಡ ಫಿರಂಗಿಗಳಲ್ಲಿ ಎರಡು ಸಿಡಿದು ತನ್ನವರನ್ನೇ ಕೊಂದವು. ದೂರದಿಂದ ಗೆಲ್ಲಲಾಗದೆಂದರಿತು ಆತನು ಎರಡು ಹಡಗುಗಳನ್ನೂ ಹಗ್ಗಗಳಿಂದ ಬಿಗಿಸಿಬಿಟ್ಟನು. ಬೆಳದಿಂಗಳಲ್ಲಿ ಮೂರು ಗಂಟೆಗೂ ಮಿಕ್ಕಿ ಕಾದಾಟ ನಡೆಯಿತು. ಕೊನೆಗೆ ಮೇಲಿನಿಂದ ಎಸೆದ ಕೈಬಾಂಬೊಂದು ಸೆರಾಪಿಸ್ಸಿನ ಒಳಗಿನ ಮದ್ದಿಗೆ ತಗುಲಿತು. ಕಪ್ತಾನ ಪಿಯರ್ಸನ್ ಬಾವುಟವನ್ನಿಳಿಸಿದನು. ಗೆದ್ದವನ ಹಡಗು ಎರಡನೆಯ ದಿನ ಮುಳುಗಿತು. ಆತನು ಸೋತವನ ಹಡಗಿನಲ್ಲಿ ದಡ ಸೇರಬೇಕಾಯಿತು. ಸೋತ ಪಿಯರ್ಸನ್ನನಿಗಾದರೋ, ವಾಣಿಜ್ಯ ನೌಕೆಗಳನ್ನು ಉಳಿಸಿದುದಕ್ಕಾಗಿ ಆತನ ದೊರೆಯಿಂದ ಸರ್ ಪದವಿ ದೊರೆಯಿತು.

ಗೆದ್ದವನ ಪಾಲಿಗೆ ಬಂದುದು ಕಾಯುವಿಕೆ. ಆತನಿಗೆಂದು ಗೊತ್ತಾಗಿದ್ದ ದೊಡ್ಡ ಯುದ್ಧನೌಕೆಯನ್ನು 1782ರಲ್ಲಿ ಫ್ರಾನ್ಸಿಗೆ ಕಾಣಿಕೆಯಿತ್ತರು. ಸ್ವಾತಂತ್ರ್ಯ ಬಂದ ಮೇಲೆ ನೌಕಾಪಡೆಯೇ ಇಲ್ಲವಾಯಿತು. 1788ರಲ್ಲಿ ರಷ್ಯದ ಸಾಮ್ರಾಜ್ಞಿ ಕ್ಯಾಥರೀನಳ ಸೇವೆಗೆ ಸೇರಿ, ಅಲ್ಲಿನ ಒಳಸಂಚುಗಳಿಂದ ನೊಂದು, ಪ್ಯಾರಿಸ್ಸಿಗೆ ಮರಳಿದನು. 1792ರ ಜುಲೈ 18ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಬಾಡಿಗೆಯ ಕೋಣೆಯಲ್ಲಿ ಒಬ್ಬಂಟಿಗನಾಗಿ ತೀರಿಕೊಂಡನು. ಅಲ್ಜೀರ್ಸಿನಲ್ಲಿ ಸೆರೆಸಿಕ್ಕ ಅಮೆರಿಕನರನ್ನು ಬಿಡಿಸುವ ಹೊಣೆಯನ್ನು ಆತನಿಗೆ ವಹಿಸಿ ಅಮೆರಿಕದ ಸರ್ಕಾರ ಕಳುಹಿಸಿದ್ದ ಪತ್ರ ಪ್ಯಾರಿಸ್ಸನ್ನು ತಲುಪುವ ವೇಳೆಗೆ ಆತನು ಮಣ್ಣು ಸೇರಿದ್ದನು.

ಅಮೆರಿಕದ ರಾಯಭಾರಿ ಮಾರಿಸನು ಮಿತವ್ಯಯದ ಸಂಸ್ಕಾರ ಸಾಕೆಂದಿದ್ದನು. ಸಿಮೊನೊ ಎಂಬ ಫ್ರೆಂಚ್ ಅಧಿಕಾರಿಯೊಬ್ಬನ ಮನಸ್ಸು ಅದಕ್ಕೆ ಒಪ್ಪಲಿಲ್ಲ. ಆತನು ತನ್ನ ಖರ್ಚಿನಿಂದ ಸೀಸದ ಶವಪೆಟ್ಟಿಗೆ ಮಾಡಿಸಿ, ದೇಹ ಕೆಡದಂತೆ ಮದ್ಯಸಾರವನ್ನು ತುಂಬಿಸಿದನು. ಎಂದಾದರೊಂದು ದಿನ ಅಮೆರಿಕ ತನ್ನ ವೀರನನ್ನು ಕೇಳಿಕೊಂಡು ಬಂದೀತೆಂಬುದು ಆತನ ನಂಬಿಕೆ. ಮುಂದೆ ಸ್ಮಶಾನದ ಮೇಲೆ ಕಟ್ಟಡಗಳು ಎದ್ದವು. ಗೋರಿ ಎಲ್ಲಿತ್ತೆಂಬುದೇ ಮರೆತುಹೋಯಿತು. ಅಮೆರಿಕ ಬಂದುದು ನೂರ ಹದಿಮೂರು ವರ್ಷಗಳ ಮೇಲೆ. 1905ರಲ್ಲಿ ರಾಯಭಾರಿ ಹೊರೇಸ್ ಪೋರ್ಟರ್ ಸ್ವಂತ ಹಣ ಹಾಕಿ, ಮನೆಗಳ ಅಡಿಯಲ್ಲಿ ಸುರಂಗ ತೋಡಿಸಿದರು. ಸೀಸದ ಪೆಟ್ಟಿಗೆ ಸಿಕ್ಕಿತು. ಮುಖ ಗುರುತು ಹಿಡಿಯುವಂತಿತ್ತು. ಜೋನ್ಸನು ಬದುಕಿದ್ದಾಗ ಶಿಲ್ಪಿ ಊದೋನನು ಕಡೆದಿದ್ದ ಪ್ರತಿಮೆಯೊಡನೆ ಅಳತೆಗಳನ್ನು ಹೋಲಿಸಿ ನಿಶ್ಚಯಿಸಿದರು. ಯುದ್ಧನೌಕೆಗಳು ಆತನನ್ನು ಕರೆದೊಯ್ದವು. 1913ರಿಂದ ಅನಾಪೊಲಿಸ್ಸಿನ ನೌಕಾ ವಿದ್ಯಾಲಯದ ಪ್ರಾರ್ಥನಾಮಂದಿರದ ಕೆಳಗೆ, ಅಮೃತಶಿಲೆಯ ಗೋರಿಯಲ್ಲಿ ಆತನು ಮಲಗಿದ್ದಾನೆ.

ಆ ದಿಟ್ಟ ಉತ್ತರವನ್ನು ಕೂಡ ಆತನ ಕಿರಿಯ ಅಧಿಕಾರಿಯೊಬ್ಬನು ದಶಕಗಳ ಮೇಲೆ ನೆನಪಿನಿಂದ ಹೇಳಿದುದಂತೆ. ಈಗ ತರಗತಿಯಲ್ಲಿ ಅದನ್ನು ಹೇಳುವ ಸಂದರ್ಭ ಬಂದಾಗ, ಸಿಮೊನೊವಿನ ಪೆಟ್ಟಿಗೆಯ ಕಥೆಯನ್ನೂ ಜೊತೆಗೆ ಹೇಳದೆ ನಾನು ಮುಗಿಸುವುದಿಲ್ಲ. ಸ್ವಂತ ನಾಡು ಮರೆಯಬಹುದಾದವನನ್ನು ಪರನಾಡಿಗನೊಬ್ಬನು ಆ ನಾಡಿಗಾಗಿಯೇ ಕಾಪಿಟ್ಟನೆಂಬುದು ವಿದ್ಯಾರ್ಥಿಗಳಿಗೆ ತಿಳಿದಿರಲಿ ಎಂಬುದು ನನ್ನ ಆಸೆ.