ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಧನವನ್ನು ಗಳಿಸಿದವರು ಲೋಕದಲ್ಲಿ ಬಹುಮಂದಿ. ಗಳಿಸಿದುದನ್ನು ಸತ್ಕಾರ್ಯಕ್ಕೆ ಕೊಟ್ಟವರು ಕೆಲಮಂದಿ. ಕೊಟ್ಟುದು ತಮ್ಮ ಕಾಲಾನಂತರವೂ ಬತ್ತದಂತೆ ಏರ್ಪಡಿಸಿದವರು ಅತಿವಿರಳ. ಈ ಮೂರನೆಯ ವರ್ಗಕ್ಕೆ ಸೇರಿದ ಪುಣ್ಯಪುರುಷರಲ್ಲಿ ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ಅಗ್ರಗಣ್ಯರು.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯ ಲಿಂಗಾಯತ ಮನೆತನದಲ್ಲಿ ಜನಿಸಿದರು. ಬಳಿಕ ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ನಡೆಸಿ ಐಶ್ವರ್ಯವಂತರಾದರು. ಆದರೆ ಅವರಿಗೆ ಸಂತಾನಭಾಗ್ಯವಿರಲಿಲ್ಲ. ಇಂತಹ ಸ್ಥಿತಿಯಲ್ಲಿ ಸ್ವತ್ತು ದಾಯಾದಿಗಳ ವ್ಯಾಜ್ಯಕ್ಕೆ ಗುರಿಯಾಗುವುದು ಲೋಕದಲ್ಲಿ ಸಾಮಾನ್ಯ. ತೋಟದಪ್ಪನವರಾದರೋ ನಾಡಿನ ಬಡವರನ್ನೇ ತಮ್ಮ ಹಕ್ಕುದಾರರೆಂದು ಬಗೆದರು.

ಆ ಕಾಲದ ಬಡಕುಟುಂಬಗಳ ಕಷ್ಟವನ್ನು ಅರಿಯಬೇಕಾದರೆ ನಮ್ಮ ಬಂಗಾರಪೇಟೆಯ ಕಡೆ ನೋಡಿದರೆ ಸಾಕು. 1864ರಲ್ಲಿ ಬೆಂಗಳೂರಿನಿಂದ ಜೋಲಾರ್‌ಪೇಟೆಗೆ ರೈಲು ಹರಿಯಿತು. ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಈ ಊರು ಆ ದಾರಿಯಲ್ಲಿಯೇ ಇದ್ದು, ಮುಂದೆ ಚಿನ್ನದ ಗಣಿಗಳಿಗೆ ಹೆಬ್ಬಾಗಿಲಾಯಿತು. ರೈಲೇನೋ ಜನರನ್ನು ರಾಜಧಾನಿಗೆ ಕೊಂಡೊಯ್ದಿತು. ಇಳಿದ ಮೇಲೆ ತಂಗುವುದೆಲ್ಲಿ? ಕಚೇರಿಯ ಕಾರ್ಯಕ್ಕಾಗಿ, 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಯ ಚಿಕಿತ್ಸೆಗಾಗಿ, ಮಕ್ಕಳ ವಿದ್ಯೆಗಾಗಿ ಹೊರ ಊರುಗಳಿಂದ ಬಂದ ಸಂಸಾರಕ್ಕೆ ಪಟ್ಟಣದಲ್ಲಿ ನೆಂಟರಿಲ್ಲದಿದ್ದರೆ ಬೀದಿಯೇ ಗತಿ.

ತೋಟದಪ್ಪನವರು 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಸುಮಾರು ಎರಡೂವರೆ ಎಕರೆ ಭೂಮಿಯನ್ನು ಕೊಂಡು ಧರ್ಮಛತ್ರವನ್ನು ಕಟ್ಟಿಸಿದರು. 1903ನೆಯ ಇಸವಿ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ಪ್ರಯಾಣಿಕರಿಗೆ ಉಚಿತ ವಸತಿ, ಬಡ ವಿದ್ಯಾರ್ಥಿಗಳಿಗೆ ಉಚಿತ ವಿದ್ಯಾರ್ಥಿನಿಲಯ, ಇವೆರಡೂ ಅವರ ಧರ್ಮದ ಎರಡು ಕಣ್ಣುಗಳಾದುವು.

ಅವರ ದೂರದೃಷ್ಟಿ ಇದಕ್ಕಿಂತ ಮಿಗಿಲಾದುದು. ಅಂತ್ಯಕಾಲದಲ್ಲಿ ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ವಹಿಸಿ, ಅದರ ಅಧ್ಯಕ್ಷಸ್ಥಾನಕ್ಕೆ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಂತಹ ದಕ್ಷರನ್ನು ನೇಮಿಸಿದರು. ಕೈಯಿಂದ ಕೈಗೆ ಕೊಟ್ಟ ಹಣ ಅಂದಿನ ಹಸಿವನ್ನು ಅಂದಿಗೆ ನೀಗುವುದು. ದತ್ತಿಯಾಗಿ ನಿಂತ ಹಣವಾದರೋ ಮೂಲವು ಕರಗದೆ, ಉತ್ಪನ್ನದಿಂದಲೇ ವರ್ಷವರ್ಷವೂ ಹೊಸ ಮನೆಗಳಿಗೆ ಆಸರೆಯಾಗುವುದು. ಪಡೆಯುವವನೂ ಒಬ್ಬ ಧನಿಕನ ಬಾಗಿಲಲ್ಲಿ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ಕೊಡುವವನ ಅಹಂಕಾರವೂ ಬೇಡುವವನ ದೈನ್ಯವೂ ಇಲ್ಲದ ಇಂತಹ ದಾನವೇ ದಾಸೋಹದ ತಿರುಳು.

1905ರಲ್ಲಿ ಮಹಾರಾಜರಿಂದ ಧರ್ಮಪ್ರವರ್ತರೆಂಬ ಬಿರುದೂ, 1910ರಲ್ಲಿ ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಅವರಿಗೆ ಲಭಿಸಿದುವು. ಅದೇ 1910ರ ಫೆಬ್ರವರಿ 21ರಂದು ಅವರು ಲಿಂಗೈಕ್ಯರಾದರು.

ಭಕ್ತಮಹಾಶಯರು ಒಂದು ಸಂಗತಿಯನ್ನು ಮನನಮಾಡಬೇಕು. ನಮ್ಮ ನೆರೆಯ ಕೋಲಾರದ ಗಣಿಗಳಿಂದ ನೂರಿಪ್ಪತ್ತು ವರ್ಷ ಚಿನ್ನವನ್ನು ಮೇಲೆತ್ತಲಾಯಿತು. 2001ರಲ್ಲಿ ಗಣಿಗಳು ಮುಚ್ಚಿದುವು, ಅವುಗಳನ್ನೇ ನಂಬಿದ್ದ ಸಾವಿರಾರು ಸಂಸಾರಗಳ ಅನ್ನದ ದಾರಿ ಅಡಗಿತು. ನೆಲದ ಚಿನ್ನ ತೆಗೆದಷ್ಟೂ ಕರಗಿತು. ಒಬ್ಬ ವರ್ತಕರು ಧರ್ಮಕ್ಕೆಂದು ಮುಡಿಪಿಟ್ಟ ಸ್ವತ್ತಾದರೋ ಅವರು ಅಗಲಿ ನೂರು ವರ್ಷ ಮೀರಿದರೂ ಫಲ ಕೊಡುತ್ತಲಿದೆ. ಸಂತಾನವಿಲ್ಲದ ತೋಟದಪ್ಪನವರ ಹೆಸರನ್ನು ಅವರ ಅನ್ನದ ಋಣವುಳ್ಳ ಅಸಂಖ್ಯ ಮಕ್ಕಳು ಉಳಿಸಿದ್ದಾರೆ. ಉಳ್ಳವರು ತಮ್ಮ ಶಕ್ತ್ಯನುಸಾರ ಒಂದಂಶವನ್ನಾದರೂ ದತ್ತಿಯಾಗಿ ನಿಲ್ಲಿಸಿ, ನೆರೆಮನೆಯ ಬಡಮಗುವಿನ ವಿದ್ಯೆಗೆ ಆಧಾರವಾಗುವುದೇ ಈ ಮಹನೀಯರಿಗೆ ಸಲ್ಲಿಸಬಹುದಾದ ನಿಜವಾದ ಗೌರವವು.