ಗಾಯಕಿ ಗೌಹರ್ ಜಾನ್

ಮೈಸೂರು ಸಂಸ್ಥಾನವು ಸಂಗೀತಗಾರರಿಗೆ ತವರುಮನೆಯಂತಿತ್ತು. ದೇಶದ ನಾನಾ ಕಡೆಗಳಿಂದ ಬಂದ ಕಲಾವಿದರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದರು. 1928ರಲ್ಲಿ ಹಾಗೆ ಬಂದವರು ಐವತ್ತೈದು ವರ್ಷದ ಗೌಹರ್ ಜಾನ್. ಅವರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ಕಂಠವು ಗ್ರಾಮಫೋನ್ ತಟ್ಟೆಗಳಲ್ಲಿ, ಅವರ ಮುಖವು ಕಪ್ಪು ಬಿಳುಪಿನ ಭಾವಚಿತ್ರಗಳಲ್ಲಿ ದೇಶವನ್ನೆಲ್ಲ ಸುತ್ತಿದ್ದವು.

ಗೌಹರ್ ಜಾನ್ 1873ರ ಜೂನ್ 26ರಂದು ಉತ್ತರ ಭಾರತದ ಆಜಂಗಢದಲ್ಲಿ ಜನಿಸಿದರು. ತಂದೆ ಆರ್ಮೇನಿಯನ್ ಮೂಲದ ಕ್ರೈಸ್ತರು. ಬಾಲ್ಯದಲ್ಲಿ ಆಕೆಯ ಹೆಸರು ಏಂಜಲೀನಾ ಯೋವರ್ಡ್. ಮಗುವಿಗೆ ಆರು ವರ್ಷವಾಗಿದ್ದಾಗ ತಂದೆತಾಯಿಗಳು ಬೇರೆಯಾದರು. ತಾಯಿಯು ಮಗಳೊಡನೆ ಕಾಶಿಗೆ ಬಂದು, ಇಸ್ಲಾಂ ಮತವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿಯೂ ಕವಯಿತ್ರಿಯಾಗಿಯೂ ಪ್ರಸಿದ್ಧರಾದರು. ಮಗಳು ಗೌಹರ್ ಜಾನ್ ಆದಳು. 1883ರಲ್ಲಿ ಅವರಿಬ್ಬರೂ ಕಲ್ಕತ್ತೆಯಲ್ಲಿ ನೆಲೆಸಿದರು. ಅಲ್ಲಿ ಬಾಲಕಿಗೆ ಶ್ರೇಷ್ಠ ಗುರುಗಳಿಂದ ಸಂಗೀತ, ನೃತ್ಯಗಳ ಶಿಕ್ಷಣ ದೊರೆಯಿತು. 1887ರಲ್ಲಿ ದರ್ಭಂಗಾ ಸಂಸ್ಥಾನದಲ್ಲಿ ಆಕೆ ಮೊದಲ ಬಾರಿಗೆ ಸಭೆಯೆದುರು ಹಾಡಿದಳು.

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞರು ಕಲ್ಕತ್ತೆಗೆ ಬಂದರು. ಆಗ ಧ್ವನಿವರ್ಧಕವಿರಲಿಲ್ಲ. ಗಾಯಕರು ದೊಡ್ಡ ಕಹಳೆಯಂಥ ಕೊಳವೆಯೊಳಗೆ ಗಟ್ಟಿಯಾಗಿ ಹಾಡಬೇಕಾಗಿತ್ತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಅಡಗಿಸಬೇಕಾಗಿತ್ತು. ಅನೇಕರು ಹಿಂಜರಿದ ಈ ಕಾರ್ಯವನ್ನು ಗೌಹರ್ ಸಾಧಿಸಿ ತೋರಿಸಿದರು. ಹಾಡಿನ ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆಗಳನ್ನು ಅಚ್ಚುಹಾಕುವವರು ಗಾಯಕರನ್ನು ಗುರುತಿಸುವುದಕ್ಕೆ ಅದು ನೆರವಾಗುತ್ತಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅವರ ಸುಮಾರು ಆರುನೂರು ಧ್ವನಿಮುದ್ರಣಗಳು ಹೊರಬಂದವು.

ಕಂಠದೊಡನೆ ಮುಖವೂ ಪ್ರಸಿದ್ಧವಾಯಿತು. ಅಂದಿನ ಛಾಯಾಚಿತ್ರಕಾರರು ಗಾಜಿನ ಫಲಕಗಳ ಮೇಲೆ ಚಿತ್ರ ತೆಗೆಯುತ್ತಿದ್ದರು. ಬೆಳಕು ಸಾಲದಿದ್ದರೆ ಚಿತ್ರಕ್ಕೆ ಕುಳಿತವರು ಕೆಲವು ಕ್ಷಣ ಅಲುಗದೆ ಇರಬೇಕಾಗಿತ್ತು. ಬಣ್ಣಗಳಿಲ್ಲದ ಆ ಚಿತ್ರಗಳಲ್ಲಿ ಜರಿಯ ಅಂಚು, ಕೊರಳಿನ ಆಭರಣ, ಕಣ್ಣಿನ ತೇಜಸ್ಸು ಇವೆಲ್ಲ ನೆರಳು ಬೆಳಕುಗಳಿಂದಲೇ ಮೂಡಬೇಕು. ಗೌಹರರ ಭಾವಚಿತ್ರವು ಅಂಚೆ ಕಾರ್ಡುಗಳ ಮೇಲೆಯೂ ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೆಯೂ ಅಚ್ಚಾಯಿತು. ವೃತ್ತಿಗಾಯಕಿಯರ ಹಾಡಿಗೆ ತಲೆದೂಗುತ್ತಿದ್ದ ಸಮಾಜವು ಅವರಿಗೆ ಗೌರವದ ಸ್ಥಾನವನ್ನು ಕೊಡಲು ಸಿದ್ಧವಿರದ ಕಾಲವದು. ಅಂಥ ಕಾಲದಲ್ಲಿ ಒಬ್ಬ ಗಾಯಕಿಯ ಮುಖ ಮನೆಮನೆಗೆ ತಲಪಿದ್ದು ಸಣ್ಣ ಸಂಗತಿಯಲ್ಲ. 1911ರಲ್ಲಿ ದೆಹಲಿ ದರ್ಬಾರಿನ ಸಂದರ್ಭದಲ್ಲಿ ಅಲಹಾಬಾದಿನ ಜಾನಕೀಬಾಯಿಯವರೊಡನೆ ಹಾಡುವ ಮನ್ನಣೆಯೂ ಅವರಿಗೆ ದೊರೆಯಿತು.

ಆದರೆ ಸಿರಿ ಸ್ಥಿರವಲ್ಲ. ನಂಬಿದವರೊಡನೆ ನಡೆದ ನ್ಯಾಯಾಲಯದ ವ್ಯಾಜ್ಯಗಳಲ್ಲಿ ಗೌಹರರ ಸಂಪತ್ತು ಕರಗಿತು. ಕೊನೆಗಾಲದಲ್ಲಿ ಮೈಸೂರು ಅವರನ್ನು ಕರೆದು ಆಸ್ಥಾನದ ಗಾಯಕಿಯ ಪದವಿಯನ್ನು ನೀಡಿತು. ಆ ನೆಮ್ಮದಿಯೂ ಬಹುಕಾಲ ಉಳಿಯಲಿಲ್ಲ. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ಕಣ್ಮುಚ್ಚಿದರು.

ಗೌಹರರ ಭಾವಚಿತ್ರವನ್ನು ನೋಡಿದವರಿಗೆ ಕಾಣುವುದು ವೈಭವ. ಒಡೆದ ಮನೆಯ ಬಾಲ್ಯವಾಗಲಿ, ವೃದ್ಧಾಪ್ಯದ ಬಡತನವಾಗಲಿ ಅದರಲ್ಲಿ ಕಾಣುವುದಿಲ್ಲ. ತೊಟ್ಟ ಆಭರಣಗಳು ಕೈಬಿಟ್ಟುಹೋದವು. ಕಲಿತ ವಿದ್ಯೆ ಮಾತ್ರ ಕೊನೆಯವರೆಗೂ ಅವರನ್ನು ಕೈಬಿಡಲಿಲ್ಲ. ಹಳೆಯ ತಟ್ಟೆ ತಿರುಗಿದಾಗ ಇಂದಿಗೂ ಹಾಡು ಮುಗಿಯುತ್ತದೆ; ಬಳಿಕ ಆ ಗಾಯಕಿಯು ತನ್ನ ಹೆಸರನ್ನು ತಾನೇ ಹೇಳುವುದು ಕೇಳಿಸುತ್ತದೆ.